ಕೂದಲಿನ ಬಣ್ಣ ಬಿಡಿ, ಮೊದಲು ಗೊರಸು ನೋಡಿ

ಓದುಗರ ಪ್ರಶ್ನೆ: ನಮ್ಮದು ತುಮಕೂರು. ಎಂಟು ವರ್ಷದಿಂದ ಫ್ರಾನ್ಸಿನ ತುಲೂಸ್ ಹತ್ತಿರ ಇದ್ದೇವೆ. ನನ್ನದು ವಿಮಾನ ತಯಾರಿಕೆಯ ಕೆಲಸ. ಮಗಳಿಗೆ 12 ವರ್ಷ, ನಾಲ್ಕು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಪಕ್ಕದೂರಿನ ಹಿರಿಯರೊಬ್ಬರು ತಮಗೆ ವಯಸ್ಸಾಯಿತೆಂದು 9 ವರ್ಷದ ಮೆರೆನ್ಸ್ ತಳಿಯ ಹೆಣ್ಣು ಕುದುರೆಯನ್ನು ನಮಗೆ ಮಾರಲು ಒಪ್ಪಿದ್ದಾರೆ. ಸವಾರಿಗೂ ಆಗುತ್ತದೆ, ಸಣ್ಣ ಗಾಡಿಗೂ ಆಗುತ್ತದೆ, ಗುಹೆಯ ಚಿತ್ರಗಳಲ್ಲಿರುವ ಕುದುರೆಯೇ ಇದು ಅನ್ನುತ್ತಾರೆ. ನನ್ನ ತಾತ ಊರಲ್ಲಿ ಜಟಕಾ ಹೊಡೆಯುತ್ತಿದ್ದರು, ಹಾಗಾಗಿ ಗಾಡಿ ಅಂದರೆ ನನಗೂ ಆಸೆ. ಆದರೆ ಕ್ಲಬ್ಬಿನ ಶಿಕ್ಷಕಿ, ‘ಅದು ಗಾಡಿ ಕುದುರೆ, ಮಗುವಿನ ಸವಾರಿ ಕೆಡುತ್ತದೆ’ ಎಂದರು. ಕಪ್ಪು ತಳಿ ಅಂತಾರೆ, ಇದರ ಪಕ್ಕೆಯ ಕೂದಲು ಕೆಂಪಗಿದೆ. ಕಾಯಿಲೆಯೋ, ಬೆರಕೆಯೋ? ಮನೆ ಪಕ್ಕ ಒಂದು ಹೆಕ್ಟೇರ್ ಹಸಿರು ಹುಲ್ಲುಗಾವಲು ಬಾಡಿಗೆಗೆ ಸಿಗುತ್ತದೆ. ಬೆಟ್ಟದ ಕುದುರೆ, ಹುಲ್ಲಿಗೆ ಬಿಟ್ಟರೆ ಸಾಕು, ಖರ್ಚೇ ಇಲ್ಲ ಎನ್ನುವುದು ಮಾಲೀಕರ ಮಾತು. ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ ದಿನಾ ಹುರುಳಿ ಬೇಯಿಸಿ ಹಾಕು ಅಂತಾರೆ. ನನ್ನ ತೂಕ 82 ಕೆಜಿ, ನಾನೂ ಹತ್ತಬಹುದಾ? ಮುಂದೆ ಊರಿಗೆ ವಾಪಸ್ಸಾದರೆ ಇದನ್ನೂ ಕರೆದುಕೊಂಡು ಬರಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ:

ನೀವು ಕಳಿಸಿದ ಐದು ಫೋಟೋಗಳಲ್ಲಿ ನಾಲ್ಕು ಕೂದಲಿನ ಬಣ್ಣ ತೋರಿಸಲು ತೆಗೆದವು. ಐದನೆಯದರಲ್ಲಿ ನಿಮ್ಮ ಮಗಳು ಕುದುರೆಯ ಕತ್ತಿಗೆ ಒರಗಿ ನಿಂತಿದ್ದಾಳೆ. ನಾನು ಜಾಸ್ತಿ ಹೊತ್ತು ನೋಡಿದ್ದು ಆ ಐದನೆಯದನ್ನೇ. ಅದರಲ್ಲಿ ಮುಂಗಾಲಿನ ಗೊರಸು ಕಾಣುತ್ತದೆ, ಕತ್ತಿನ ಮೇಲಿನ ಉಬ್ಬೂ ಕಾಣುತ್ತದೆ. ನನಗೆ ಚಿಂತೆ ಹುಟ್ಟಿಸಿದ್ದು ಆ ಎರಡು. ಯಾಕೆ ಅಂತ ಹೇಳುವ ಮೊದಲು ಶಿಕ್ಷಕಿಯ ಮಾತು ಮುಗಿಸಿಬಿಡೋಣ.

‘ಗಾಡಿ ಕುದುರೆ’ ಅನ್ನುವ ಮಾತು ಅರ್ಧ ಸರಿ. ಫ್ರಾನ್ಸಿನಲ್ಲಿ ಭಾರ ಎಳೆಯುವ ಕುದುರೆ ಎಂದು ಲೆಕ್ಕಕ್ಕೆ ಬರುವ ತಳಿಗಳು ಒಂಬತ್ತು. ಪರ್ಶೆರೋನ್, ಬ್ರೆಟನ್, ಕೋಂತ್ವಾ, ಆರ್ಡೆನ್ ಇವೆಲ್ಲ ಆ ಗುಂಪಿನವು. ಮೆರೆನ್ಸ್ ಅದರಲ್ಲಿಲ್ಲ. ಎತ್ತರ ಸುಮಾರು 145ರಿಂದ 155 ಸೆಂಟಿಮೀಟರ್, ತೂಕ 400ರಿಂದ 500 ಕೆಜಿ. ಒಂದು ಪರ್ಶೆರೋನ್ ಇದರ ಎರಡರಷ್ಟು ತೂಗಬಹುದು. ನಿಮಗೆ ದಕ್ಷಿಣಕ್ಕಿರುವ ಪಿರನೀಸ್ ಬೆಟ್ಟಗಳಲ್ಲಿ, ಅರಿಯೆಜ್ ಕಣಿವೆಯ ತುದಿಯಲ್ಲಿ, ಅಂಡೋರಾ ಗಡಿಗೆ ಹತ್ತಿರ, ಮೆರೆನ್ಸ್-ಲೆ-ವಾಲ್ ಅಂತ ಒಂದು ಪುಟ್ಟ ಊರಿದೆ. ತಳಿಗೆ ಹೆಸರು ಅಲ್ಲಿಂದಲೇ ಬಂದದ್ದು. ಆ ಕಡಿದಾದ ಜಾಗದಲ್ಲಿ ಒಂದು ಮನೆಗೆ ಒಂದೇ ಕುದುರೆ. ಅದೇ ಉಳಬೇಕು, ಅದೇ ಮರ ಎಳೆಯಬೇಕು, ಅದೇ ಅದಿರು ಹೊರಬೇಕು, ಭಾನುವಾರ ಮನೆಯವರನ್ನು ಕೂರಿಸಿಕೊಂಡು ಸಂತೆಗೆ ಇಳಿಯಬೇಕು. ಸೈನ್ಯವೂ ಇವನ್ನು ಫಿರಂಗಿ ಎಳೆಯಲು ಕೊಂಡೊಯ್ದಿತ್ತು. ಹಾಗಾಗಿ ಎರಡೂ ಕೆಲಸ ಇದರ ಮೈಯಲ್ಲೇ ಇದೆ. ನಮ್ಮ ಜಟಕಾ ಕುದುರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಡಿ. ಅವು ಸಣಕಲು ಮೈಯವು. ಇದು ಗಿಡ್ಡ ಕಾಲಿನ, ಅಗಲ ಎದೆಯ, ದುಂಡು ಬೆನ್ನಿನ ಪ್ರಾಣಿ.

ಶಿಕ್ಷಕಿ ಸರಿಯಾಗಿರುವುದು ಒಂದು ವಿಷಯದಲ್ಲಿ. ನಿಮ್ಮ ಮಗಳು ಎತ್ತರದ ಅಡೆತಡೆ ಹಾರಿಸುವ ಸ್ಪರ್ಧೆಗೆ ಹೋಗಬೇಕು ಅಂತಿದ್ದರೆ ಇದು ಅವಳ ಕುದುರೆ ಅಲ್ಲ. ಹೆಜ್ಜೆ ಗಿಡ್ಡ, ಜಿಗಿತ ಸಾಧಾರಣ. ಆದರೆ ಕಾಡುದಾರಿ, ಬೆಟ್ಟದ ದಾರಿ, ಹೊಳೆ ದಾಟುವುದು, ಇಡೀ ದಿನದ ಸವಾರಿ, ಇದಕ್ಕೆಲ್ಲ ಇಂಥ ಗಟ್ಟಿ ಕಾಲು ಸಿಗುವುದು ಕಷ್ಟ. ಜಾರುವ ಕಲ್ಲಿನ ಮೇಲೆ ಮೆರೆನ್ಸ್ ಹೇಗೆ ಇಳಿಯುತ್ತದೆ ಒಮ್ಮೆ ನೋಡಿ. ತಲೆ ತಗ್ಗಿಸುತ್ತದೆ, ಕಲ್ಲನ್ನು ಮೂಸುತ್ತದೆ, ಒಂದು ಕಾಲು ಇಟ್ಟು ಭಾರ ಹಾಕಿ ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು ಕಾಲು ತೆಗೆಯುತ್ತದೆ. ಬೆಟ್ಟದಲ್ಲಿ ಹುಟ್ಟಿದ ಮರಿ ಇದನ್ನು ತಾಯಿಯ ಹಿಂದೆ ನಡೆದೇ ಕಲಿತಿರುತ್ತದೆ. ಈಗ ಈ ತಳಿಯಲ್ಲಿ ಎರಡು ಮೈಕಟ್ಟು ಇವೆ. ಹಳೆಯ ಬೆಟ್ಟದ ಮಾದರಿ ದಪ್ಪ, ಹೊಸ ಸವಾರಿ ಮಾದರಿ ಸ್ವಲ್ಪ ಉದ್ದ ಕಾಲಿನದು. ನಿಮ್ಮದು ಮೊದಲನೆಯದು ಅನ್ನಿಸುತ್ತದೆ.

ಕುದುರೆಯ ಬೆನ್ನಿಗೆ ಹಾಕುವ ಜೀನಿನ ಬಗ್ಗೆ ಒಂದು ಮಾತು. ಈ ಬೆನ್ನು ಪೀಪಾಯಿ ಥರ ಗುಂಡಗಿರುತ್ತದೆ. ಕ್ಲಬ್ಬಿನ ಮಾಮೂಲಿ ಜೀನು ಕೂರುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಜಾರುತ್ತದೆ ಅಂತ ಹೊಟ್ಟೆಪಟ್ಟಿಯನ್ನು ಇನ್ನೂ ಬಿಗಿದರೆ ಕುದುರೆ ಕಚ್ಚಲು ಶುರು ಮಾಡುತ್ತದೆ. ಅಗಲ ಚೌಕಟ್ಟಿನ ಜೀನು, ಇಳಿಜಾರಿಗೆ ಬಾಲದ ಪಟ್ಟಿ, ಇವೆರಡು ಬೇಕೇ ಬೇಕು. ಇನ್ನು ನಿಮ್ಮ ತೂಕ. ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ನಾವು ಇಟ್ಟುಕೊಂಡ ಲೆಕ್ಕ. 450 ಕೆಜಿ ಕುದುರೆಗೆ 90 ಕೆಜಿ. ನೀವು 82, ಜೀನು ಎಂಟೊಂಬತ್ತು. ಅಲ್ಲಿಗೆ ಮಿತಿ ಮುಟ್ಟಿತು. ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ಹತ್ತಿ, ಬೆಟ್ಟಕ್ಕೆ ಮಗಳು ಮಾತ್ರ ಹತ್ತಲಿ.

ಈಗ ಕೆಂಪು ಕೂದಲು. ನೀವು ಫೋಟೋ ತೆಗೆದದ್ದು ಮಾರ್ಚ್‌ನಲ್ಲಿ. ಮೆರೆನ್ಸ್ ತಳಿಯ ಚಳಿಗಾಲದ ಕೂದಲು ಒರಟಾಗಿ ಬೆಳೆಯುತ್ತದೆ, ಅದಕ್ಕೆ ತುಕ್ಕಿನ ಛಾಯೆ ಬರುತ್ತದೆ. ಇದು ತಳಿಯ ಸಹಜ ಗುಣ. ಬೆರಕೆ ಅಲ್ಲ, ಕಾಯಿಲೆಯೂ ಅಲ್ಲ. ಮೇ ತಿಂಗಳಿಗೆ ಹಳೆ ಕೂದಲು ಉದುರಿ ಕೆಳಗಿನಿಂದ ಹೊಳೆಯುವ ಕಪ್ಪು ಬರುತ್ತದೆ. ಮೇ ಕಳೆದರೂ ಕೆಂಪು ಹೋಗದೆ ಕೂದಲು ನಿಸ್ತೇಜವಾಗಿದ್ದರೆ ಮೇವಿನಲ್ಲಿ ತಾಮ್ರದ ಅಂಶ ಕಡಿಮೆ ಇದೆಯಾ ಅಂತ ನೋಡಬೇಕು. ವಯಸ್ಸಾದ ಕುದುರೆಯಲ್ಲಿ ಉದ್ದ ಕೂದಲು ಬೇಸಿಗೆಯಲ್ಲೂ ಉದುರದಿದ್ದರೆ ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕಾಯಿಲೆ ಇರಬಹುದು. 9 ವರ್ಷಕ್ಕೆ ಅದು ಅಪರೂಪ. ಬೆರಕೆಯ ಅನುಮಾನಕ್ಕೆ ಕೂದಲು ನೋಡಬೇಕಿಲ್ಲ, ಪಾಸ್‌ಪೋರ್ಟ್ ನೋಡಿ. ಇಲ್ಲಿ ಪ್ರತಿ ಕುದುರೆಗೂ ಕತ್ತಿನಲ್ಲಿ ಚಿಪ್ ಇರುತ್ತದೆ, ಗುರುತಿನ ಪುಸ್ತಕ ಇರುತ್ತದೆ. ತಂದೆ ತಾಯಿ ಹೆಸರು ಅದರಲ್ಲೇ ಬರೆದಿರುತ್ತದೆ. ಮೆರೆನ್ಸ್ ವಂಶಾವಳಿ ಪುಸ್ತಕ 1947ರಿಂದ ಇದೆ.

ಗುಹೆಯ ಕಥೆಯನ್ನು ನಾನೂ ಬಹಳ ಸಲ ಕೇಳಿದ್ದೇನೆ. ತರಾಸ್ಕೊಂ ಹತ್ತಿರದ ನ್ಯೋ ಗುಹೆಗೆ ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. 12,000 ವರ್ಷಕ್ಕೂ ಹಳೆಯ ಆ ಕಪ್ಪು ರೇಖೆಯ ಕುದುರೆಗಳ ಗಡ್ಡ, ದಪ್ಪ ಕತ್ತು ನೋಡಿದರೆ ಮೆರೆನ್ಸ್ ನೆನಪಾಗುವುದು ನಿಜ. ಆದರೆ ಹೋಲಿಕೆ ಬೇರೆ, ವಂಶ ಬೇರೆ. ನಿಮ್ಮ ತುಲೂಸ್‌ನಲ್ಲೇ ಕೆಲಸ ಮಾಡುವ ಲುಡೊವಿಕ್ ಒರ್ಲಾಂಡೊ ಅವರ ತಂಡ 2021ರಲ್ಲಿ 273 ಪ್ರಾಚೀನ ಕುದುರೆಗಳ ಡಿಎನ್‌ಎ ಓದಿ ತೋರಿಸಿತು. ಇವತ್ತಿನ ಸಾಕು ಕುದುರೆಗಳೆಲ್ಲ ಸುಮಾರು 4,200 ವರ್ಷದ ಹಿಂದೆ ರಷ್ಯಾದ ವೋಲ್ಗಾ ಮತ್ತು ಡಾನ್ ನದಿಗಳ ಬಯಲಿನಿಂದ ಹರಡಿದವು. ಈ ತಳಿಯ ಹೆಚ್ಚು ದೊಡ್ಡ ಕಥೆ ಇತ್ತೀಚಿನದು. 1970ರ ಆಸುಪಾಸಿನಲ್ಲಿ ಟ್ರ್ಯಾಕ್ಟರ್ ಬಂದು, ಹಳ್ಳಿ ಖಾಲಿಯಾಗಿ, ವಂಶಾವಳಿ ಪುಸ್ತಕದಲ್ಲಿ ಉಳಿದಿದ್ದು ಸುಮಾರು 40 ಕುದುರೆ ಮಾತ್ರ. ಆಗ ಲಾ ಬಾಸ್ತೀದ್ ದ ಸೇರು ಎಂಬ ಊರಿನ ಲೂಸಿಯೆನ್ ಲಾಫೊಂ ದ ಸಾಂತ್ನಾಕ್ ಬೀಜದ ಗಂಡುಗಳನ್ನು ಉಳಿಸಿಕೊಂಡರು. ನಗರ ಬಿಟ್ಟು ಬೆಟ್ಟಕ್ಕೆ ಬಂದ ಉದ್ದ ಕೂದಲಿನ ಹುಡುಗ ಹುಡುಗಿಯರು ಸಾಕಲು ಮುಂದೆ ಬಂದರು. ಹಾಗೆ ಉಳಿದ ಜೀವ ಇದು. ಅದಕ್ಕೇ ಒಂದೊಂದು ಕುದುರೆಯ ಬಗ್ಗೆಯೂ ನನಗೆ ಕಾಳಜಿ.

ಈಗ ಹುಲ್ಲು. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಸಾಲು ‘ಹುಲ್ಲಿಗೆ ಬಿಟ್ಟರೆ ಸಾಕು’.

ಕೆಲವು ವರ್ಷದ ಹಿಂದೆ ಏಪ್ರಿಲ್‌ನ ಒಂದು ಬೆಳಗ್ಗೆ ಬಯಲಿನ ಹಳ್ಳಿಯೊಂದರಿಂದ ನನಗೆ ಫೋನ್ ಬಂತು. ಕುದುರೆ ನಡೆಯಲು ಒಲ್ಲೆ ಅನ್ನುತ್ತಿದೆ, ಸೊಂಟ ಹಿಡಿದಿರಬೇಕು ಅಂದರು. ಹೋಗಿ ನೋಡಿದರೆ ಮೊಣಕಾಲೆತ್ತರದ ಹುಲ್ಲಿನ ನಡುವೆ ಒಂದು ಮೆರೆನ್ಸ್. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಕೆಂಡದ ಮೇಲೆ ನಿಂತ ಹಾಗೆ ನಿಂತಿತ್ತು. ಗೊರಸಿನ ಮೇಲಿನ ಗಂಟಿನ ಹಿಂದೆ ಬೆರಳಿಟ್ಟೆ. ಸಾಮಾನ್ಯವಾಗಿ ಅಲ್ಲಿ ನಾಡಿ ಹುಡುಕಬೇಕು. ಅವತ್ತು ಬೆರಳಿಗೆ ಬಡಿಯುತ್ತಿತ್ತು. ಗೊರಸು ಮುಟ್ಟಿದರೆ ಬಿಸಿ. ಮಾಲೀಕರು ಒಳ್ಳೆಯ ಜನ, ಕುದುರೆಯನ್ನು ಮಗುವಿನ ಹಾಗೆ ನೋಡಿಕೊಂಡವರು. ಹೊಟ್ಟೆತುಂಬ ತಿನ್ನಲಿ ಅಂತ ಊರಿನ ಅತ್ಯುತ್ತಮ ಗದ್ದೆಗೆ ಬಿಟ್ಟಿದ್ದರು. ಎಕ್ಸ್‌ರೇ ತೆಗೆದಾಗ ಒಳಗಿನ ಮೂಳೆ ಆಗಲೇ ತಿರುಗಿ ಪಾದದ ತಳಕ್ಕೆ ಇಳಿದಿತ್ತು. ಎರಡು ತಿಂಗಳು ಪ್ರಯತ್ನ ಮಾಡಿದೆವು. ಉಳಿಸಲು ಆಗಲಿಲ್ಲ.

ಇದಕ್ಕೆ ಲ್ಯಾಮಿನೈಟಿಸ್ ಅನ್ನುತ್ತಾರೆ. ಇಲ್ಲಿನ ರೈತರ ಬಾಯಲ್ಲಿ ಫೂರ್ಬ್ಯೂರ್. ಆ ಮಾತು ಕಿವಿಗೆ ಬಿದ್ದರೆ ಗುರುತು ಹಿಡಿಯಿರಿ. ನಮ್ಮ ಉಗುರು ಬೆರಳಿಗೆ ಅಂಟಿಕೊಂಡ ಹಾಗೆ ಕುದುರೆಯ ಗೊರಸು ಒಳಗಿನ ಮೂಳೆಗೆ ಅಂಟಿಕೊಂಡಿರುತ್ತದೆ. ಆ ಅಂಟು ಅಂದರೆ ಸುಮಾರು 550ರಿಂದ 600 ತೆಳು ಮಡಿಕೆಗಳು, ಪುಸ್ತಕದ ಹಾಳೆಗಳ ಥರ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಇಡೀ ಕುದುರೆಯ ಭಾರ ನಿಂತಿರುವುದು ಅವುಗಳ ಮೇಲೆ. ಸಕ್ಕರೆ ಅಂಶ ಜಾಸ್ತಿ ಇರುವ ಹುಲ್ಲು ತಿಂದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಏರಿದ್ದು ಇಳಿಯದೆ ಹಾಗೇ ನಿಂತರೆ ಈ ಮಡಿಕೆಗಳು ಸಡಿಲಾಗಿ ಹಿಗ್ಗುತ್ತವೆ. ಆಗ ಮೂಳೆ ಜಾರುತ್ತದೆ.

ಬೆಟ್ಟದ ಕುದುರೆಗೇ ಯಾಕೆ ಇದು ಜಾಸ್ತಿ? ಅದರ ವರ್ಷದ ಲೆಕ್ಕ ನೋಡಿ. ಜೂನ್‌ನಲ್ಲಿ ಮೇಲಿನ ಹುಲ್ಲುಗಾವಲಿಗೆ ಹತ್ತುತ್ತದೆ, ಅಕ್ಟೋಬರ್‌ನಲ್ಲಿ ಇಳಿಯುತ್ತದೆ. ಅಲ್ಲಿನ ಹುಲ್ಲು ವಿರಳ, ಹೊಟ್ಟೆ ತುಂಬಿಸಿಕೊಳ್ಳಲು ದಿನವಿಡೀ ನಡೆಯಬೇಕು. ಆ ನಾಲ್ಕು ತಿಂಗಳಲ್ಲಿ ಕೊಬ್ಬು ಕೂಡಿಸಿಕೊಂಡು ಚಳಿಗಾಲದಲ್ಲಿ ಕರಗಿಸುತ್ತದೆ. ಮಾರ್ಚ್‌ನಲ್ಲಿ ಪಕ್ಕೆಲುಬು ಸ್ವಲ್ಪ ಕಂಡರೆ ಅದು ಆರೋಗ್ಯ. ನೂರಾರು ವರ್ಷ ಹೀಗೆ ಬದುಕಿದ ಮೈ ಇದು. ಸಿಕ್ಕಿದ್ದನ್ನೆಲ್ಲ ಉಳಿಸಿಕೊಳ್ಳುವುದೇ ಅದಕ್ಕೆ ಗೊತ್ತು. ಅದನ್ನು ತಂದು ಹಾಲಿನ ಹಸುಗಳಿಗಾಗಿ ಬಿತ್ತಿದ ರೈಗ್ರಾಸ್ ಮತ್ತು ಕ್ಲೋವರ್ ಎಂಬ ಮೇವಿನ ಗಿಡಗಳ ನಡುವೆ ನಿಲ್ಲಿಸಿ, ಚಳಿಗಾಲದಲ್ಲೂ ಮೇವು ತುಂಬಿಸಿ, ಮೈಗೆ ಕಂಬಳಿಯನ್ನೂ ಹೊದಿಸುತ್ತೇವೆ. ಕೊಬ್ಬು ಕರಗುವ ಕಾಲವನ್ನೇ ನಾವು ಕಿತ್ತುಕೊಳ್ಳುತ್ತೇವೆ.

ನಿಮ್ಮ ಐದನೇ ಫೋಟೋಗೆ ಬರುತ್ತೇನೆ. ಕತ್ತಿನ ಮೇಲೆ ಜೂಲು ಹುಟ್ಟುವ ಜಾಗದಲ್ಲಿ ಗಟ್ಟಿ ಉಬ್ಬು ಇದ್ದ ಹಾಗಿದೆ, ಅದು ಕೊಬ್ಬು ಕೂಡಿದ ಗುರುತು. ಮುಂಗಾಲಿನ ಗೊರಸಿನಲ್ಲಿ, ಕೆಸರಿನ ನಡುವೆಯೂ, ಅಡ್ಡ ಉಂಗುರಗಳು ಕಾಣುತ್ತವೆ. ಉಂಗುರ ಎಲ್ಲ ಕುದುರೆಗೂ ಇರುತ್ತವೆ. ಮುಂದೆ ಮತ್ತು ಹಿಂದೆ ಒಂದೇ ಅಂತರದಲ್ಲಿದ್ದರೆ ಚಿಂತೆ ಇಲ್ಲ. ಮುಂದೆ ಒತ್ತೊತ್ತಾಗಿ, ಹಿಮ್ಮಡಿ ಕಡೆ ಅಗಲವಾಗಿ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಹಿಂದೊಮ್ಮೆ ಈ ಕಾಯಿಲೆ ಬಂದು ಹೋಗಿದೆ ಎಂದರ್ಥ. ಮಾಲೀಕರಿಗೇ ಗೊತ್ತಾಗದೆ ಬಂದು ಹೋಗಿರಬಹುದು, ಅವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಒಮ್ಮೆ ಬಂದ ಕುದುರೆಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಒಂದು ಫೋಟೋ ನೋಡಿ ನಾನು ತೀರ್ಪು ಕೊಡುವುದಿಲ್ಲ. ಆದರೆ ದುಡ್ಡು ಕೊಡುವ ಮೊದಲು ಮುಂಗಾಲು ಎರಡರ ಎಕ್ಸ್‌ರೇ ಮತ್ತು ಇನ್ಸುಲಿನ್ ರಕ್ತಪರೀಕ್ಷೆ ಆಗಲೇಬೇಕು. ಇದನ್ನು ಮಾರುವವರ ವೈದ್ಯರಿಂದ ಮಾಡಿಸಬೇಡಿ, ನೀವೇ ಒಬ್ಬರನ್ನು ಗೊತ್ತು ಮಾಡಿ. ಜೊತೆಗೆ ಉಣ್ಣಿ ಕಚ್ಚುವುದರಿಂದ ಬರುವ ಪೈರೋಪ್ಲಾಸ್ಮೋಸಿಸ್ ಎಂಬ ರಕ್ತದ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ. ದಕ್ಷಿಣ ಫ್ರಾನ್ಸಿನಲ್ಲಿ ಅದು ಸಾಮಾನ್ಯ. ಆರೋಗ್ಯವಾಗಿ ಕಾಣುವ ಕುದುರೆಯಲ್ಲೂ ಅಡಗಿರಬಹುದು.

ಅಮ್ಮನಿಗೆ ಹೇಳಿ, ಅವರ ಮಾತು ತಾತನ ಕುದುರೆಗೆ ಸರಿಯಾಗಿತ್ತು. ಬಿಸಿಲಲ್ಲಿ ಬೆಳಗಿನಿಂದ ಸಂಜೆವರೆಗೆ ಜನರನ್ನು ಎಳೆದು, ಒಣಹುಲ್ಲು ತಿಂದು ಬದುಕುತ್ತಿದ್ದ ಕುದುರೆಗೆ ಒಂದು ಬೊಗಸೆ ಬೇಯಿಸಿದ ಹುರುಳಿ ಬೇಕೇ ಬೇಕಿತ್ತು. ವಾರಕ್ಕೆ ಮೂರು ದಿನ ಒಂದು ಗಂಟೆ ಸವಾರಿ ಮಾಡುವ ಮೆರೆನ್ಸ್‌ಗೆ ಹುರುಳಿಯೂ ಬೇಡ, ಓಟ್ಸೂ ಬೇಡ. ಒಣಹುಲ್ಲು ಮತ್ತು ಖನಿಜ ಮಿಶ್ರಣ ಸಾಕು. ಒಣಹುಲ್ಲನ್ನು ತೂಕ ಮಾಡಿಯೇ ಹಾಕಬೇಕು. ಮೈ ಇಳಿಸಬೇಕಿದ್ದರೆ ಕುದುರೆಯ ತೂಕದ ನೂರಕ್ಕೆ ಒಂದೂವರೆ ಭಾಗ, ಅಂದರೆ 450 ಕೆಜಿಗೆ ದಿನಕ್ಕೆ ಏಳು ಕೆಜಿ ಹತ್ತಿರ. ಒಂದು ಗಂಟೆ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಉಪವಾಸ ಮಾತ್ರ ಕೆಡವಬೇಡಿ, ಅದು ಇನ್ನೊಂದು ದೊಡ್ಡ ಅಪಾಯ. ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 185, ಉದ್ದ 158 ಇದ್ದರೆ ಸುಮಾರು 455 ಕೆಜಿ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಮಗಳ ಕೈಯಲ್ಲೇ ಅಳೆಸಿ ಬರೆಸಿಡಿ.

ಗಾಡಿಯ ಆಸೆ ನನಗೆ ಅರ್ಥವಾಗುತ್ತದೆ. ಮೆರೆನ್ಸ್ ಎರಡು ಚಕ್ರದ ಹಗುರ ಗಾಡಿಯನ್ನು ಚೆನ್ನಾಗಿ ಎಳೆಯುತ್ತದೆ. ಹೊಲದಲ್ಲಿ ಸಣ್ಣ ನೇಗಿಲು, ದ್ರಾಕ್ಷಿ ಸಾಲಿನ ನಡುವೆ ಕುಂಟೆ, ಇವೂ ಆಗುತ್ತವೆ. ದಿನವಿಡೀ ಎಳೆಯಬೇಕಾದರೆ ಎಳೆತದ ಬಲ ಕುದುರೆಯ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ಒಳ್ಳೆಯ ರಸ್ತೆ, ಒಳ್ಳೆಯ ಚಕ್ರ ಇದ್ದರೆ ಇಬ್ಬರು ಕೂತ ಗಾಡಿ ಇದರ ಎಷ್ಟೋ ಕೆಳಗಿರುತ್ತದೆ. ಆದರೆ ಒಂದು ಮಾತು ತಿಳಿದಿರಲಿ. ಸವಾರಿಯಲ್ಲಿ ಕುದುರೆ ಬೆದರಿದರೆ ನೀವು ಬೀಳುತ್ತೀರಿ, ಕುದುರೆ ಓಡುತ್ತದೆ, ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ. ಗಾಡಿ ಕಟ್ಟಿದ ಕುದುರೆ ಬೆದರಿದರೆ ಬೆದರಿಸುವ ವಸ್ತು ಅದರ ಬೆನ್ನ ಹಿಂದೆಯೇ ಸದ್ದು ಮಾಡುತ್ತ ಅಟ್ಟಿಕೊಂಡು ಬರುತ್ತದೆ. ನಿಲ್ಲುವುದೇ ಇಲ್ಲ. ಮಾಲೀಕರು ‘ಗಾಡಿಗೂ ಆಗುತ್ತದೆ’ ಅಂದಿದ್ದಾರೆ. ಕಟ್ಟಿ ತೋರಿಸಿ ಅಂತ ಕೇಳಿ. ಮೂಕಿ ಪಕ್ಕೆಗೆ ತಗುಲಿದಾಗ, ಹಿಂದಿನಿಂದ ಟ್ರ್ಯಾಕ್ಟರ್ ಬಂದಾಗ ಅದು ಹೇಗೆ ನಿಲ್ಲುತ್ತದೆ ನೋಡಿ. ಅಭ್ಯಾಸ ಇಲ್ಲದಿದ್ದರೆ ಉದ್ದ ಲಗಾಮಿನಲ್ಲಿ ಹಿಂದೆ ನಡೆಸುವುದರಿಂದ ಶುರು ಮಾಡಿ, ಟೈರ್ ಎಳೆಸಿ, ಆಮೇಲೆ ಗಾಡಿ. ಅದಕ್ಕೆ ತಿಂಗಳುಗಳೇ ಬೇಕು, ಜೊತೆಗೆ ಗಾಡಿ ಕಲಿಸುವವರೊಬ್ಬರು ಬೇಕು. ಅಲ್ಲಿಯವರೆಗೆ ಮಗಳನ್ನು ಗಾಡಿಯಲ್ಲಿ ಕೂರಿಸಬೇಡಿ.

ಹಾಗಾದರೆ ತಗೊಳ್ಳಬಹುದಾ? ನನ್ನ ಸಲಹೆ, ಈಗಲೇ ಬೇಡ. ಇಲ್ಲಿ ಅರ್ಧ ಪಾಲಿನ ಪದ್ಧತಿ ಇದೆ. ಕುದುರೆ ಅವರದ್ದೇ ಇರುತ್ತದೆ, ವಾರದಲ್ಲಿ ಎರಡು ಮೂರು ದಿನ ನಿಮ್ಮ ಮಗಳದ್ದು, ಖರ್ಚಿನಲ್ಲಿ ಒಂದು ಪಾಲು ನಿಮ್ಮದು. ಹಿರಿಯರು ಒಪ್ಪಿದರೆ ಒಂದು ವರ್ಷ ಹಾಗೆ ಮಾಡಿ. ಆ ವರ್ಷದಲ್ಲಿ ಒಂದು ವಸಂತ ಮತ್ತು ಒಂದು ಶರತ್ಕಾಲ ಬರಲೇಬೇಕು, ಯಾಕೆಂದರೆ ರಾತ್ರಿ ಚಳಿ, ಹಗಲು ಬಿಸಿಲು ಇರುವ ಆ ದಿನಗಳಲ್ಲೇ ಹುಲ್ಲಿನಲ್ಲಿ ಸಕ್ಕರೆ ತುಂಬುವುದು. ಅವರಿಗೆ ಅಷ್ಟು ದಿನ ಇಟ್ಟುಕೊಳ್ಳಲು ಆಗದಿದ್ದರೆ, ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಚೆನ್ನಾಗಿ ಬಂದರೆ ಕೊಳ್ಳಿ. ಆದರೆ ಇತರ ಕುದುರೆಗಳಿರುವ, ಹುಲ್ಲಿಗೆ ಲೆಕ್ಕ ಇಡುವ ಲಾಯದಲ್ಲಿ ಬಿಡಿ. ಬೇಸಿಗೆಯಲ್ಲಿ ಅರಿಯೆಜ್‌ನ ಸಾಕಣೆದಾರರ ಮಂದೆಯ ಜೊತೆ ಬೆಟ್ಟಕ್ಕೆ ಕಳಿಸಲು ಸಾಧ್ಯವಾ ವಿಚಾರಿಸಿ. ಮಗಳಿಗೆ ಬೇಸಿಗೆ ರಜೆಯಲ್ಲಿ ಕುದುರೆ ಇಲ್ಲ ಅಂತ ಬೇಜಾರಾಗಬಹುದು. ಕುದುರೆಗೆ ಮಾತ್ರ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಮನೆ ಪಕ್ಕದ ಹೆಕ್ಟೇರಿನಲ್ಲೇ ಇಡಬೇಕು ಅಂದರೆ ಆ ಹಸಿರನ್ನೆಲ್ಲ ಅದಕ್ಕೆ ಕೊಡಬಾರದು. ಅಂಚಿನುದ್ದಕ್ಕೂ ಮೂರು ನಾಲ್ಕು ಮೀಟರ್ ಅಗಲದ ದಾರಿ ಮಾಡಿ ಬೇಲಿ ಹಾಕಿ. ನೀರು ಒಂದು ತುದಿಗೆ, ಒಣಹುಲ್ಲು ಇನ್ನೊಂದು ತುದಿಗೆ. ಅದು ನಡೆಯುತ್ತಲೇ ಇರಬೇಕು. ಕಪ್ಪು ಮೈಯಾದ್ದರಿಂದ ಬಿಸಿಲು ತಡೆಯುವುದಿಲ್ಲ, ನೆರಳು ಬೇಕು. ಇನ್ನೊಂದು ಕುದುರೆಯೋ ಕತ್ತೆಯೋ ಜೊತೆಗಿರಲೇಬೇಕು. ಮಂದೆಯಲ್ಲಿ ಬೆಳೆದದ್ದು ಒಂಟಿಯಾಗಿ ನಿಂತರೆ ಬೇಲಿಯುದ್ದಕ್ಕೂ ಓಡಾಡಿ ಸೊರಗುತ್ತದೆ. ಅಲ್ಲಿಗೆ ನೀವು ಎರಡು ಪ್ರಾಣಿ ಸಾಕಿದ ಹಾಗಾಯಿತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು ಬರಬೇಕು. ‘ಖರ್ಚೇ ಇಲ್ಲ’ ಅನ್ನುವ ಕುದುರೆ ಯಾವ ತಳಿಯಲ್ಲೂ ಇಲ್ಲ. ಇನ್ನೊಂದು ವಿಷಯ, 2021ರ ಕಾನೂನಿನ ಪ್ರಕಾರ ಇಲ್ಲಿ ಹೊಸದಾಗಿ ಕುದುರೆ ಇಟ್ಟುಕೊಳ್ಳುವವರು ಅದನ್ನು ಸಾಕುವ ತಿಳಿವಳಿಕೆ ತಮಗಿದೆ ಎಂಬ ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ಮೊದಲೇ ಮಾಡಿಕೊಳ್ಳಿ.

ಊರಿಗೆ ಕರೆದುಕೊಂಡು ಬರುವ ಯೋಚನೆ ಬಿಡಿ. ತುಮಕೂರಿನ ಏಪ್ರಿಲ್ ಬಿಸಿಲು ಈ ಮೈಗೆ ಹಿಂಸೆ. ಪಕ್ಕದ ಕುಣಿಗಲ್‌ನಲ್ಲಿ ಕುದುರೆ ಫಾರ್ಮ್ ಇದೆಯಲ್ವಾ ಅಂತ ಕೇಳಬಹುದು. ಅಲ್ಲಿರುವುದು ರೇಸಿನ ಥರೋಬ್ರೆಡ್, ತೆಳು ಚರ್ಮದ ಬೇರೆಯದೇ ತಳಿ. 9 ವರ್ಷದ ಮೆರೆನ್ಸ್ ಇನ್ನೂ ಹದಿನೈದು ಇಪ್ಪತ್ತು ವರ್ಷ ಬದುಕಬಹುದು. ನೀವು ಐದು ವರ್ಷದಲ್ಲಿ ಹೊರಡುವವರಾದರೆ ಆಮೇಲೆ ಅದು ಯಾರ ಹತ್ತಿರ ಇರುತ್ತದೆ ಎನ್ನುವುದನ್ನು ಇವತ್ತೇ ಮಗಳ ಜೊತೆ ಕೂತು ಮಾತಾಡಿ. ಅರ್ಧ ಪಾಲು ಸರಿ ಅಂತ ನಾನು ಹೇಳಲು ಅದೂ ಒಂದು ಕಾರಣ.

ಈ ವಾರ ಬಿಸಿಲಿರುವ ದಿನ ನೋಡಿ ಮುಂಗಾಲಿನ ಎರಡೂ ಗೊರಸು ಬ್ರಷ್ ಹಾಕಿ ತೊಳೆದು ಒರೆಸಿ. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ ಪಕ್ಕದಿಂದ ಒಂದು, ಮುಂದಿನಿಂದ ಒಂದು ಫೋಟೋ ತೆಗೆಯಿರಿ. ಕಾಲೆತ್ತಿ ಪಾದದ ತಳದ್ದೂ ಒಂದು ಇರಲಿ, ಅಂಚಿನ ಬಿಳಿ ಗೆರೆ ಎಷ್ಟು ಅಗಲ ಇದೆ ಅಂತ ನೋಡಬೇಕು. ಕತ್ತಿನ ಉಬ್ಬನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಬಾಗಿಸಲು ಆಗುತ್ತದಾ, ಗಟ್ಟಿಯಾಗಿ ನಿಲ್ಲುತ್ತದಾ ಅದನ್ನೂ ಬರೆಯಿರಿ. ಅದು ಬಂದ ಮೇಲೆ ಎಕ್ಸ್‌ರೇ ಎಲ್ಲಿ, ಹೇಗೆ ಅಂತ ಮುಂದಿನ ಮಾತು ಆಡೋಣ.